ಯೇಸುವಿನ ಸಾಮ್ಯಗಳಲ್ಲಿ ಸ್ತ್ರೀಯರು ಮತ್ತು ನೆರೆಹೊರೆ: ಸ್ತ್ರೀವಾದಿ ವ್ಯಾಖ್ಯಾನ

ಯೇಸುವಿನ ಸಾಮ್ಯಗಳ ಸ್ತ್ರೀವಾದಿ ವ್ಯಾಖ್ಯಾನವು ಬೈಬಲ್ಲಿನ ಹೊಸ ಒಡಂಬಡಿಕೆಯಲ್ಲಿ ಯೇಸು ಹೇಳಿದರೆಂದು ದಾಖಲಾಗಿರುವ ಕಿರುಕಥೆಗಳನ್ನು ಅವುಗಳಲ್ಲಿ ಬರುವ ಸ್ತ್ರೀಯರ ದುಡಿಮೆ, ಹಣ, ಮಾತು ಮತ್ತು ನೆರೆಹೊರೆಯ ಸಂಬಂಧಗಳ ಕಡೆಯಿಂದ ಓದುವ ಅಧ್ಯಯನ ಕ್ರಮವಾಗಿದೆ. ಈ ಕಥೆಗಳನ್ನು ಕನ್ನಡದ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ‘ಸಾಮ್ಯ’ವೆಂದೂ ಕಥೋಲಿಕ ಬಳಕೆಯಲ್ಲಿ ‘ಸಾಮತಿ’ಯೆಂದೂ ಕರೆಯುತ್ತಾರೆ. ಸುವಾರ್ತೆಗಳಲ್ಲಿರುವ ಸಾಮ್ಯಗಳಲ್ಲಿ ಸ್ತ್ರೀಯರು ಮುಖ್ಯಪಾತ್ರವಾಗಿರುವವು ಬೆರಳೆಣಿಕೆಯಷ್ಟು ಮಾತ್ರ: ಹುಳಿಹಿಟ್ಟನ್ನು ಕಲಸಿದ ಹೆಂಗಸು (ಮತ್ತಾಯ 13:33, ಲೂಕ 13:20–21), ನಾಣ್ಯ ಕಳೆದುಕೊಂಡ ಹೆಂಗಸು (ಲೂಕ 15:8–10), ನ್ಯಾಯಕ್ಕಾಗಿ ಪಟ್ಟುಹಿಡಿದ ವಿಧವೆ (ಲೂಕ 18:1–8) ಮತ್ತು ಹತ್ತು ಮಂದಿ ಕನ್ನಿಕೆಯರು (ಮತ್ತಾಯ 25:1–13). ಇವುಗಳಲ್ಲಿ ನೆರೆಹೊರೆಯವರು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಕಳೆದ ನಾಣ್ಯದ ಸಾಮ್ಯದಲ್ಲಿ ಮಾತ್ರ. ‘ನೆರೆಯವನು ಯಾರು’ ಎಂಬ ಪ್ರಶ್ನೆಯಿಂದಲೇ ಹುಟ್ಟುವ ಒಳ್ಳೆಯ ಸಮಾರ್ಯದವನ ಸಾಮ್ಯದಲ್ಲಿ (ಲೂಕ 10:25–37) ಒಬ್ಬ ಸ್ತ್ರೀಯೂ ಇಲ್ಲ.

ಹಿನ್ನೆಲೆ

ಪ್ರಾಚೀನ ಮತ್ತು ಮಧ್ಯಯುಗದ ಕ್ರೈಸ್ತ ವ್ಯಾಖ್ಯಾನಕಾರರು ಸಾಮ್ಯಗಳನ್ನು ರೂಪಕಗಳಾಗಿ ಬಿಡಿಸುತ್ತಿದ್ದರು. ಕಥೆಯ ಪ್ರತಿಯೊಂದು ವಸ್ತುವಿಗೂ ಒಂದೊಂದು ಗೂಢಾರ್ಥವನ್ನು ಹೇಳುವುದು ಅವರ ಪದ್ಧತಿ. 6ನೆಯ ಶತಮಾನದ ಪೋಪ್ ಮಹಾ ಗ್ರೆಗೊರಿಯು ಕಳೆದ ನಾಣ್ಯದ ಹೆಂಗಸನ್ನು ದೇವರ ಜ್ಞಾನವೆಂದೂ, ಉಳಿದ ಒಂಬತ್ತು ನಾಣ್ಯಗಳನ್ನು ದೇವದೂತರ ಒಂಬತ್ತು ಗಣಗಳೆಂದೂ, ಕಳೆದುಹೋದ ಹತ್ತನೆಯದನ್ನು ಮಾನವಕುಲವೆಂದೂ ವಿವರಿಸಿದನು. ಹೆಂಗಸನ್ನು ದೈವಿಕವಾದುದರ ಸ್ಥಾನದಲ್ಲಿಡಲು ಆ ಕಾಲದ ವ್ಯಾಖ್ಯಾನಕಾರನೊಬ್ಬ ಹಿಂಜರಿಯಲಿಲ್ಲ ಎಂಬುದು ಗಮನಾರ್ಹ. ಆದರೆ ಆ ವಿವರಣೆಯಲ್ಲಿ ಪೊರಕೆ ಹಿಡಿದ ನಿಜವಾದ ಹೆಂಗಸು ಉಳಿಯಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಯೂಲಿಕರ್ ಈ ರೂಪಕ ಪದ್ಧತಿಯನ್ನು ಖಂಡಿಸಿ, ಸಾಮ್ಯಗಳು ನಿತ್ಯಜೀವನದಿಂದ ಆಯ್ದ ಹೋಲಿಕೆಗಳೆಂದು ವಾದಿಸಿದರು. ಅದರ ನಂತರವೂ ‘ನಿತ್ಯಜೀವನ’ವೆಂದರೆ ಹೊಲ, ಬಲೆ, ಮಂದೆ ಮತ್ತು ಸಾಲದ ಲೆಕ್ಕ ಎಂಬಂತೆಯೇ ಬಹುತೇಕ ಅಧ್ಯಯನಗಳು ಸಾಗಿದವು. ಅಡುಗೆಮನೆಯೂ ನಿತ್ಯಜೀವನವೇ ಎಂಬುದು ಅವುಗಳಲ್ಲಿ ಎದ್ದುಕಾಣಲಿಲ್ಲ.

ಅಮೆರಿಕದಲ್ಲಿ ಎಲಿಜಬೆತ್ ಕೇಡಿ ಸ್ಟ್ಯಾಂಟನ್ ಮತ್ತು ಸಂಗಡಿಗರು ಸಿದ್ಧಪಡಿಸಿದ ‘ದ ವುಮನ್ಸ್ ಬೈಬಲ್’ (1895, 1898) ಈ ಓದಿನ ಪೂರ್ವಸೂರಿ. ಹತ್ತು ಕನ್ನಿಕೆಯರ ಸಾಮ್ಯವನ್ನು ಸ್ಟ್ಯಾಂಟನ್ ಸ್ತ್ರೀಶಿಕ್ಷಣದ ಪಾಠವಾಗಿ ಓದಿದರು: ಪರರ ಸೇವೆಯಲ್ಲೇ ತಮ್ಮನ್ನು ಸವೆಸಿಕೊಂಡು ತಮ್ಮ ದೀಪಕ್ಕೆ ಎಣ್ಣೆ ಉಳಿಸಿಕೊಳ್ಳದವರು ಬುದ್ಧಿಯಿಲ್ಲದವರು, ಸ್ವಂತ ಬೆಳವಣಿಗೆಯನ್ನು ನೋಡಿಕೊಂಡವರು ಬುದ್ಧಿವಂತರು. ಶಾಸ್ತ್ರೀಯ ಅಧ್ಯಯನವಾಗಿ ಈ ಕ್ಷೇತ್ರಕ್ಕೆ ತಳಹದಿ ಹಾಕಿದ್ದು ಎಲಿಜಬೆತ್ ಶ್ಯೂಸ್ಲರ್ ಫಿಯೊರೆಂಜ಼ಾ ಅವರ ‘ಇನ್ ಮೆಮರಿ ಆಫ್ ಹರ್’ (1983). ಗ್ರಂಥಗಳನ್ನು ಬರೆದವರೂ ಪ್ರತಿಮಾಡಿದವರೂ ವ್ಯಾಖ್ಯಾನಿಸಿದವರೂ ಬಹುಪಾಲು ಪುರುಷರಾದುದರಿಂದ, ಅಲ್ಲಿ ಹೇಳಿರುವುದರಷ್ಟೇ ಹೇಳದೆ ಬಿಟ್ಟಿರುವುದನ್ನೂ ಪ್ರಶ್ನಿಸಬೇಕೆಂಬ ‘ಸಂಶಯದ ವ್ಯಾಖ್ಯಾನ’ ಅವರ ವಿಧಾನದ ಒಂದು ಮುಖ್ಯ ಅಂಗ. ಜರ್ಮನಿಯ ಲೂಯಿಸ್ ಶೊಟ್ರೊಫ್, ಅಮೆರಿಕದ ಬಾರ್ಬರಾ ರೀಡ್ ಮತ್ತು ಯಹೂದಿ ವಿದುಷಿ ಏಮಿ-ಜಿಲ್ ಲೆವೀನ್ ಈ ಕ್ಷೇತ್ರದ ಇತರ ಪ್ರಮುಖರು. ಮೇರಿ ಆನ್ ಬೀವಿಸ್ ಸಂಪಾದಿಸಿದ ‘ದ ಲಾಸ್ಟ್ ಕಾಯಿನ್’ (2002) ಎಂಬ ಪ್ರಬಂಧ ಸಂಕಲನವು ಸ್ತ್ರೀಯರು, ದುಡಿಮೆ ಮತ್ತು ಜ್ಞಾನ ಎಂಬ ಮೂರು ಎಳೆಗಳಲ್ಲಿ ಸಾಮ್ಯಗಳನ್ನು ಪರಿಶೀಲಿಸುತ್ತದೆ.

ಕಳೆದ ನಾಣ್ಯದ ಸಾಮ್ಯ

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಮೂರು ಕಥೆಗಳು ಒಂದರ ಹಿಂದೆ ಒಂದಾಗಿ ಬರುತ್ತವೆ: ಕಳೆದ ಕುರಿ, ಕಳೆದ ನಾಣ್ಯ, ಕಳೆದುಹೋದ ಮಗ. ಯೇಸು ಸುಂಕದವರ ಮತ್ತು ಪಾಪಿಗಳೆನಿಸಿಕೊಂಡವರ ಜೊತೆಯಲ್ಲಿ ಊಟಮಾಡುತ್ತಾರೆಂದು ಫರಿಸಾಯರೂ ಶಾಸ್ತ್ರಿಗಳೂ ಗೊಣಗಿದಾಗ ಈ ಕಥೆಗಳು ಉತ್ತರವಾಗಿ ಬಂದವು ಎಂಬುದು ಲೂಕನ ಚೌಕಟ್ಟು. ಕುರಿಯ ಕಥೆ ಮತ್ತಾಯನಲ್ಲಿಯೂ ಇದೆ. ನಾಣ್ಯದ ಕಥೆ ಲೂಕನಲ್ಲಿ ಮಾತ್ರ ಇದೆ. ಕುರುಬನೂ ಮಗನ ತಂದೆಯೂ ಚಿತ್ರಕಲೆಯಲ್ಲಿ, ಹಾಡುಗಳಲ್ಲಿ, ಪ್ರಸಂಗಗಳಲ್ಲಿ ನೆಲೆಸಿದಷ್ಟು ಈ ಹೆಂಗಸು ನೆಲೆಸಲಿಲ್ಲ. ಅವಳ ಕಥೆಯನ್ನು ಕುರಿಯ ಕಥೆಯ ಸಣ್ಣ ನಕಲೆಂದು ಎಣಿಸಿ ಒಂದೆರಡು ವಾಕ್ಯಗಳಲ್ಲಿ ಮುಗಿಸುವುದು ವಾಡಿಕೆಯಾಗಿತ್ತು.

ಕಥೆಯೇ ಚಿಕ್ಕದು. ಹತ್ತು ದ್ರಾಕ್ಮಾ ನಾಣ್ಯಗಳನ್ನು ಹೊಂದಿದ್ದ ಒಬ್ಬ ಹೆಂಗಸು ಅವುಗಳಲ್ಲಿ ಒಂದನ್ನು ಕಳೆದುಕೊಳ್ಳುತ್ತಾಳೆ. ದೀಪ ಹಚ್ಚುತ್ತಾಳೆ, ಮನೆ ಗುಡಿಸುತ್ತಾಳೆ, ಸಿಕ್ಕುವವರೆಗೂ ಜಾಗ್ರತೆಯಿಂದ ಹುಡುಕುತ್ತಾಳೆ. ಸಿಕ್ಕ ಮೇಲೆ ಗೆಳತಿಯರನ್ನೂ ನೆರೆಯವರನ್ನೂ ಕರೆದು ತನ್ನ ಸಂತೋಷದಲ್ಲಿ ಪಾಲುಗೊಳ್ಳಿರೆಂದು ಹೇಳುತ್ತಾಳೆ. ದ್ರಾಕ್ಮಾ ಎಂಬ ನಾಣ್ಯದ ಹೆಸರು ಹೊಸ ಒಡಂಬಡಿಕೆಯಲ್ಲಿ ಈ ಒಂದು ಕಥೆಯಲ್ಲಿ ಮಾತ್ರ ಬರುತ್ತದೆ. ಅದು ರೋಮನ್ ದಿನಾರಿಗೆ ಸರಿಸುಮಾರು ಸಮ, ಅಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ಹೆಂಗಸರ ಕೂಲಿ ಗಂಡಸರದಕ್ಕಿಂತ ಕಡಿಮೆಯಾಗಿದ್ದುದರಿಂದ ಅವಳ ಪಾಲಿಗೆ ಒಂದು ನಾಣ್ಯವೆಂದರೆ ಒಂದು ದಿನಕ್ಕಿಂತ ಹೆಚ್ಚಿನ ದುಡಿಮೆ ಎಂದು ಶೊಟ್ರೊಫ್ ತೋರಿಸುತ್ತಾರೆ. ಹಾಗೆ ನೋಡಿದಾಗ ಅವಳ ಹುಡುಕಾಟ ಜಿಪುಣತನವಲ್ಲ, ಹೊಟ್ಟೆಪಾಡು.

ಜರ್ಮನ್ ವಿದ್ವಾಂಸ ಯೋಆಕಿಮ್ ಯೆರೆಮಿಯಾಸ್ ಈ ಹತ್ತು ನಾಣ್ಯಗಳು ಆಕೆಯ ತಲೆಯುಡುಗೆಗೆ ಪೋಣಿಸಿದ ಸ್ತ್ರೀಧನವಾಗಿರಬಹುದೆಂದು ಊಹಿಸಿದ್ದರು. ಈ ಊಹೆ ಎಷ್ಟು ಜನಪ್ರಿಯವಾಯಿತೆಂದರೆ ಹಲವು ಪ್ರಸಂಗಗಳಲ್ಲಿ ಅದನ್ನು ಕಥೆಯ ಭಾಗವೆಂಬಂತೆಯೇ ಹೇಳಲಾಗುತ್ತದೆ. ಪಠ್ಯದಲ್ಲಿ ತಲೆಯುಡುಗೆಯೂ ಇಲ್ಲ, ಮದುವೆಯೂ ಇಲ್ಲ, ಗಂಡನೂ ಇಲ್ಲ. ಹೆಂಗಸಿನ ಕೈಯಲ್ಲಿ ಹಣ ಕಂಡರೆ ಅದು ಆಭರಣವೇ ಇರಬೇಕು, ಆಭರಣವಾದರೆ ಅದು ಮದುವೆಯಲ್ಲಿ ಬಂದಿದ್ದೇ ಇರಬೇಕು ಎಂಬ ಓದುಗರ ಪೂರ್ವಗ್ರಹ ಅದರಲ್ಲಿ ಕಾಣುತ್ತದೆ. ಕುರುಬನ ಕುರಿಗಳನ್ನು ಅವನ ಮಾವ ಕೊಟ್ಟಿರಬಹುದೆಂದು ಯಾರೂ ಊಹಿಸಲಿಲ್ಲ.

ಎರಡು ಕಥೆಗಳ ಗ್ರೀಕ್ ವಾಕ್ಯಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಮೂರು ವ್ಯತ್ಯಾಸಗಳು ಹೊರಬೀಳುತ್ತವೆ. ಮೊದಲನೆಯದು ಆರಂಭದಲ್ಲಿದೆ. ಕುರಿಯ ಕಥೆಯು ಕೇಳುಗರನ್ನೇ ಉದ್ದೇಶಿಸಿ ‘ನಿಮ್ಮಲ್ಲಿ’ ಯಾವನು ಹೀಗೆ ಮಾಡುವುದಿಲ್ಲ ಎಂದು ಕೇಳುತ್ತದೆ. ನಾಣ್ಯದ ಕಥೆಯಲ್ಲಿ ‘ನಿಮ್ಮಲ್ಲಿ’ ಎಂಬುದಿಲ್ಲ, ಯಾವ ಹೆಂಗಸು ಎಂದಷ್ಟೇ ಇದೆ. ಲೂಕನ ಚೌಕಟ್ಟಿನಲ್ಲಿ ಕೇಳುಗರು ಗಂಡಸರು. ಎಂದರೆ ಈ ಗಂಡಸರು ತಮ್ಮನ್ನು ಕುರುಬನ ಸ್ಥಾನದಲ್ಲಿ ಇಟ್ಟುಕೊಂಡಂತೆ ಹೆಂಗಸಿನ ಸ್ಥಾನದಲ್ಲಿಯೂ ಇಟ್ಟುಕೊಂಡು ಯೋಚಿಸಬೇಕಾಗುತ್ತದೆ ಎಂಬುದು ಒಂದು ಓದು. ಲೂಕನ ಕಣ್ಣಿನಲ್ಲಿ ಹೆಂಗಸರು ಕೇಳುಗರ ಸಾಲಿನಲ್ಲೇ ಇರಲಿಲ್ಲ ಎಂಬುದು ಅದಕ್ಕೆ ವಿರುದ್ಧವಾದ ಓದು. ಎರಡನೆಯ ವ್ಯತ್ಯಾಸವನ್ನು ಲೆವೀನ್ ಎತ್ತಿತೋರಿಸುತ್ತಾರೆ. ಕುರುಬನು ಕುರಿ ಕಳೆದುಹೋಗಿತ್ತು ಎನ್ನುತ್ತಾನೆ. ಹೆಂಗಸು ತಾನು ಕಳೆದುಕೊಂಡಿದ್ದ ನಾಣ್ಯ ಎನ್ನುತ್ತಾಳೆ. ತಪ್ಪಿನ ಹೊಣೆಯನ್ನು ಕರ್ತರಿ ಪ್ರಯೋಗದಲ್ಲಿ ತನ್ನ ಮೇಲೆ ತೆಗೆದುಕೊಳ್ಳುವವಳು ಅವಳು. ನಾಣ್ಯವು ತಾನಾಗಿ ದಾರಿತಪ್ಪಲಾರದು, ಪಶ್ಚಾತ್ತಾಪಪಡಲೂ ಆರದು. ಆದುದರಿಂದ ಪಶ್ಚಾತ್ತಾಪಪಟ್ಟ ಪಾಪಿಯ ಕುರಿತ ಕೊನೆಯ ವಾಕ್ಯವು ಕಥೆಗೆ ಸರಿಯಾಗಿ ಹೊಂದುವುದಿಲ್ಲವೆಂದೂ, ಅದು ಲೂಕನು ಕೊಟ್ಟ ಅರ್ಥವೆಂದೂ ಲೆವೀನ್ ವಾದಿಸುತ್ತಾರೆ.

ಮೂರನೆಯ ವ್ಯತ್ಯಾಸ ನೆರೆಯವರದು. ಕುರುಬನು ಕರೆಯುವ ಗೆಳೆಯರೂ ನೆರೆಯವರೂ ಗ್ರೀಕಿನಲ್ಲಿ ಪುಲ್ಲಿಂಗ. ಹೆಂಗಸು ಕರೆಯುವವರು ಸ್ತ್ರೀಲಿಂಗ. ಗ್ರೀಕಿನಲ್ಲಿ ‘ಗೈಟೋನ್’ ಎಂಬ ನೆರೆಯ ಪದಕ್ಕೆ ಎರಡೂ ಲಿಂಗಗಳಲ್ಲಿ ಒಂದೇ ರೂಪವಿದ್ದರೂ ಅದರ ಮುಂದಿರುವ ‘ಗೆಳತಿಯರು’ ಎಂಬ ಪದವೂ ಸ್ತ್ರೀಲಿಂಗದ ಉಪಪದವೂ ಸಂದೇಹಕ್ಕೆ ಎಡೆಗೊಡುವುದಿಲ್ಲ. ಕನ್ನಡದಲ್ಲಿ ಈ ಸೂಕ್ಷ್ಮವು ಸುಲಭವಾಗಿ ಜಾರಿಹೋಗುತ್ತದೆ. ‘ನೆರೆಯವನು’, ‘ನೆರೆಯವಳು’ ಎಂದು ಏಕವಚನದಲ್ಲಿ ಲಿಂಗ ತೋರಿಸುವ ನಮ್ಮ ಭಾಷೆ ಬಹುವಚನದಲ್ಲಿ ‘ನೆರೆಯವರು’ ಎಂದು ಎಲ್ಲರನ್ನೂ ಒಟ್ಟಿಗೆ ಸೇರಿಸಿಬಿಡುತ್ತದೆ. ‘ನೆರೆಮನೆಯ ಹೆಂಗಸರು’ ಎಂದು ಅನುವಾದಕರು ಬಿಡಿಸಿ ಹೇಳದ ಹೊರತು, ಕನ್ನಡದ ಓದುಗನಿಗೆ ಆ ಮನೆಯಲ್ಲಿ ನೆರೆದವರು ಯಾರೆಂಬುದು ಕಾಣುವುದೇ ಇಲ್ಲ.

ಚಿತ್ರಕಾರರೂ ಅವರನ್ನು ಬಿಟ್ಟಿದ್ದಾರೆ. ಡ್ರೆಸ್ಡನ್ನಿನಲ್ಲಿರುವ ದೊಮೆನಿಕೊ ಫೆತ್ತಿಯ 17ನೆಯ ಶತಮಾನದ ಪ್ರಸಿದ್ಧ ಚಿತ್ರದಲ್ಲಿಯೂ, ಇಂಗ್ಲೆಂಡಿನ ಜಾನ್ ಎವರೆಟ್ ಮಿಲೇ 1860ರ ದಶಕದಲ್ಲಿ ಮರದಚ್ಚಿಗಾಗಿ ಬರೆದ ಚಿತ್ರದಲ್ಲಿಯೂ ಕತ್ತಲೆಯ ಕೋಣೆಯಲ್ಲಿ ಬಗ್ಗಿ ಹುಡುಕುವ ಒಂಟಿ ಹೆಂಗಸಿದ್ದಾಳೆ. ಹುಡುಕಾಟವು ಬೆಳಕು ನೆರಳಿನ ಆಟಕ್ಕೆ ಒಳ್ಳೆಯ ವಸ್ತು. ಕಥೆಯು ಮುಗಿಯುವುದು ಮಾತ್ರ ತುಂಬಿದ ಮನೆಯಲ್ಲಿ.

ಒಂದು ನಾಣ್ಯಕ್ಕಾಗಿ ಬೀದಿಯವರನ್ನೆಲ್ಲ ಕರೆಯುವುದು ಅತಿಯಾಯಿತಲ್ಲವೇ ಎಂಬ ಪ್ರಶ್ನೆಯನ್ನು ಹಳೆಯ ವ್ಯಾಖ್ಯಾನಗಳು ದೇವರ ಅಪಾರ ಸಂತೋಷದ ಸೂಚನೆಯೆಂದು ಪರಿಹರಿಸುತ್ತಿದ್ದವು. ಸ್ತ್ರೀವಾದಿ ಓದು ಉತ್ತರವನ್ನು ನೆಲದ ಮೇಲೆಯೇ ಹುಡುಕುತ್ತದೆ. ಕಪೆರ್ನೌಮಿನ ಉತ್ಖನನಗಳಲ್ಲಿ ದೊರೆತ ಕಪ್ಪು ಬಸಾಲ್ಟ್ ಕಲ್ಲಿನ ಮನೆಗಳು ಒಂದೇ ಅಂಗಳವನ್ನು ಹಂಚಿಕೊಂಡು ಒತ್ತಾಗಿ ನಿಂತಿವೆ. ಬೀಸುವ, ಬೇಯಿಸುವ ಕೆಲಸಗಳು ಆ ಅಂಗಳದಲ್ಲಿ ನಡೆಯುತ್ತಿದ್ದವು. ಅಂಥ ವಠಾರದಲ್ಲಿ ಒಬ್ಬಳ ನಾಣ್ಯ ಕಳೆದರೆ ಸುದ್ದಿ ಮೊದಲೇ ಎಲ್ಲರಿಗೂ ತಿಳಿದಿರುತ್ತದೆ. ಒಂದು ದ್ರಾಕ್ಮಾದ ಬೆಲೆ ಎಷ್ಟೆಂದು ತಿಳಿದವರೂ ಅವರೇ. ಈ ಓದಿನಲ್ಲಿ ನೆರೆಯ ಹೆಂಗಸರು ಕಥೆಯ ಬಾಲವಲ್ಲ. ಸಿಕ್ಕಿದ್ದನ್ನು ಸಿಕ್ಕಿತೆಂದು ಒಪ್ಪಿ ಸಾಕ್ಷಿಯಾಗುವ ಸಮುದಾಯ. ಸ್ವರ್ಗದ ಸಂತೋಷಕ್ಕೆ ಲೂಕನು ಹೋಲಿಸುವುದು ಈ ಹೆಂಗಸರ ಕೂಟವನ್ನೇ.

ಹುಡುಕುವ ಕುರುಬನನ್ನೂ ಕಾಯುವ ತಂದೆಯನ್ನೂ ದೇವರ ಚಿತ್ರವೆಂದು ಒಪ್ಪಿದವರು ನಡುವಿನ ಹೆಂಗಸನ್ನು ಒಪ್ಪಲು ಏಕೆ ತಡೆಯಬೇಕು ಎಂಬುದು ಶ್ಯೂಸ್ಲರ್ ಫಿಯೊರೆಂಜ಼ಾ ಮತ್ತು ರೀಡ್ ಮೊದಲಾದವರ ಓದಿನಿಂದ ಏಳುವ ಪ್ರಶ್ನೆ. ಈ ಪ್ರಶ್ನೆಗೆ ತರ್ಕಬದ್ಧವಾದ ಉತ್ತರ ಈವರೆಗೆ ಬಂದಂತಿಲ್ಲ.

ನೆರೆ ಎಂಬುದಕ್ಕೆ ಎರಡು ಪದಗಳು

ಕನ್ನಡದಲ್ಲಿ ಒಂದೇ ಆಗಿ ಕೇಳಿಸುವ ‘ನೆರೆ’ಗೆ ಲೂಕನಲ್ಲಿ ಎರಡು ಪದಗಳಿವೆ. ನಾಣ್ಯದ ಕಥೆಯ ‘ಗೈಟೋನ್’ ಎಂದರೆ ಪಕ್ಕದ ಮನೆಯಲ್ಲಿ ವಾಸಿಸುವವರು. ಸಮಾರ್ಯದವನ ಕಥೆಯಲ್ಲಿರುವುದು ‘ಪ್ಲೇಸಿಯೋನ್’, ಅಂದರೆ ಹತ್ತಿರದವನು. ಯಾಜಕಕಾಂಡ 19:18ರಲ್ಲಿ ನೆರೆಯವನನ್ನು ಪ್ರೀತಿಸಬೇಕೆಂದು ವಿಧಿಸುವ ಆಜ್ಞೆಯ ಗ್ರೀಕ್ ಅನುವಾದದಲ್ಲಿ ಬಳಸಿದ ಪದ ಇದೇ. ಮೊದಲನೆಯದು ವಾಸದ ಮಾತು, ಎರಡನೆಯದು ಧರ್ಮಶಾಸ್ತ್ರದ ಮಾತು.

ಧರ್ಮಶಾಸ್ತ್ರಿಯೊಬ್ಬನು ತನ್ನ ನೆರೆಯವನು ಯಾರೆಂದು ಕೇಳಿದಾಗ ಯೇಸು ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 1000 ಮೀಟರ್ ಇಳಿಯುವ ನಿರ್ಜನ ದಾರಿಯ ಕಥೆಯನ್ನು ಹೇಳುತ್ತಾರೆ. ಕಳ್ಳರ ಕೈಗೆ ಸಿಕ್ಕು ಬಿದ್ದಿದ್ದವನನ್ನು ಯಾಜಕನೂ ಲೇವಿಯನೂ ದಾಟಿಹೋಗುತ್ತಾರೆ. ಯೆಹೂದ್ಯರು ದೂರವಿಡುತ್ತಿದ್ದ ಸಮಾರ್ಯದವನು ಗಾಯ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ, ಛತ್ರಕ್ಕೆ ಸೇರಿಸಿ ಎರಡು ದಿನಾರಿ ಕೊಡುತ್ತಾನೆ. ನೆರೆಯವನಾದವನು ಯಾರೆಂದು ಯೇಸು ಮರುಪ್ರಶ್ನೆ ಹಾಕಿದಾಗ ಧರ್ಮಶಾಸ್ತ್ರಿಯು ‘ಸಮಾರ್ಯದವನು’ ಎಂಬ ಹೆಸರನ್ನು ಬಾಯಿಗೆ ತಾರದೆ, ದಯೆ ತೋರಿಸಿದವನು ಎಂದಷ್ಟೇ ಉತ್ತರಿಸುತ್ತಾನೆ. ಸ್ತ್ರೀವಾದಿ ವಿಮರ್ಶಕರು ಇಲ್ಲಿ ಎರಡು ಅಂಶಗಳನ್ನು ಸೇರಿಸುತ್ತಾರೆ. ಗಾಯ ತೊಳೆಯುವುದು, ಎಣ್ಣೆ ಹಚ್ಚುವುದು, ರಾತ್ರಿ ಕಾಯುವುದು ಮನೆಗಳಲ್ಲಿ ಹೆಚ್ಚಾಗಿ ಹೆಂಗಸರು ಹೆಸರಿಲ್ಲದೆ ಮಾಡುತ್ತಿದ್ದ ಶುಶ್ರೂಷೆ; ದಾರಿಯಲ್ಲಿ ಒಬ್ಬ ಗಂಡಸು ಅದನ್ನು ಮಾಡಿದಾಗ ಅದು ಆಜ್ಞೆಯ ಮಾದರಿಯಾಯಿತು. ಇನ್ನು ಈ ಕಥೆಯ ಬೆನ್ನಿಗೇ ಬರುವ ಮಾರ್ಥ ಮತ್ತು ಮರಿಯರ ಪ್ರಸಂಗದಲ್ಲಿ (ಲೂಕ 10:38–42) ಉಪಚಾರದಲ್ಲಿ ತೊಡಗಿದ ಮಾರ್ಥಳಿಗೆ ಮೆಚ್ಚುಗೆ ಸಿಗುವುದಿಲ್ಲ. ಗಂಡಸಿಗೆ ಹೋಗಿ ಹಾಗೆಯೇ ಮಾಡು ಎಂಬ ಅಪ್ಪಣೆ, ಹೆಂಗಸಿಗೆ ಕುಳಿತು ಕೇಳುವುದೇ ಲೇಸು ಎಂಬ ಬುದ್ಧಿಮಾತು. ಈ ಜೋಡಣೆಯು ಆಕಸ್ಮಿಕವಲ್ಲವೆಂದು ಹಲವರ ಅಭಿಪ್ರಾಯ.

ಸಮಾರ್ಯದವನ ಕರುಣೆಗೆ ಬಳಸಿರುವ ಗ್ರೀಕ್ ಕ್ರಿಯಾಪದವು ಕರುಳಿಗೆ ಸಂಬಂಧಿಸಿದ್ದು. ‘ಕರುಳು ಚುರ್ ಎಂದಿತು’ ಎಂಬ ನಮ್ಮ ಮಾತಿಗೆ ಅದು ಹತ್ತಿರ. ಫಿಲಿಸ್ ಟ್ರಿಬಲ್ ತಮ್ಮ 1978ರ ಗ್ರಂಥದಲ್ಲಿ ಹೀಬ್ರೂ ಭಾಷೆಯ ‘ಕರುಣೆ’ಯ ಪದವು ‘ಗರ್ಭ’ ಎಂಬುದರ ಧಾತುವಿನಿಂದಲೇ ಬಂದದ್ದೆಂದು ವಿವರಿಸಿದ್ದರು. ಅದರ ಆಧಾರದಿಂದ ಸಮಾರ್ಯದವನ ಕರುಣೆಯನ್ನು ತಾಯ್ತನವೆಂದು ಓದುವವರಿದ್ದಾರೆ. ಟ್ರಿಬಲ್ ಅವರ ಮಾತು ಹೀಬ್ರೂ ಪದದ ಬಗ್ಗೆ, ಲೂಕನ ಪದ ಗ್ರೀಕ್ ಭಾಷೆಯದು. ಒಂದರಿಂದ ಇನ್ನೊಂದಕ್ಕೆ ಜಿಗಿಯುವಾಗ ಎಚ್ಚರ ಬೇಕು.

ಹುಳಿಹಿಟ್ಟು

ಒಂದೇ ವಾಕ್ಯದ ಈ ಸಾಮ್ಯದಲ್ಲಿ ಹೆಂಗಸೊಬ್ಬಳು ಹುಳಿಹಿಟ್ಟನ್ನು ತೆಗೆದುಕೊಂಡು ಮೂರು ಸೇರು ಹಿಟ್ಟಿನಲ್ಲಿ ಸೇರಿಸುತ್ತಾಳೆ. ಅನುವಾದದ ‘ಸೇರು’ ಇಲ್ಲಿ ದಾರಿತಪ್ಪಿಸುತ್ತದೆ. ಮೂಲದ ಮೂರು ‘ಸಾತಾ’ ಅಳತೆಯೆಂದರೆ ಸುಮಾರು 39 ಲೀಟರ್. ಅದರಲ್ಲಿ ನೂರು ಜನಕ್ಕೂ ಸಾಲುವಷ್ಟು ರೊಟ್ಟಿಯಾಗುತ್ತದೆ. ಆದಿಕಾಂಡದಲ್ಲಿ ಅಬ್ರಹಾಮನ ಅತಿಥಿಗಳಿಗಾಗಿ ಸಾರಳು ನಾದಿದ ಹಿಟ್ಟೂ ಇದೇ ಅಳತೆಯದು. ನೆರೆಯವರ ಹೆಸರು ಇಲ್ಲಿ ಇಲ್ಲದಿದ್ದರೂ ಹಿಟ್ಟಿನ ಅಳತೆಯೇ ಅವರನ್ನು ಸೂಚಿಸುತ್ತದೆ, ಏಕೆಂದರೆ ಅಷ್ಟು ರೊಟ್ಟಿಯನ್ನು ಯಾವ ಮನೆಯೂ ತನಗೊಂದಕ್ಕೇ ಮಾಡಿಕೊಳ್ಳುವುದಿಲ್ಲ.

ಸೇರಿಸಿದಳು ಎನ್ನುವಲ್ಲಿ ಮೂಲದಲ್ಲಿರುವುದು ‘ಅಡಗಿಸಿದಳು’ ಎಂಬ ಕ್ರಿಯಾಪದ. ಬೈಬಲ್ಲಿನ ಇತರ ಕಡೆಗಳಲ್ಲಿ ಹುಳಿಹಿಟ್ಟು ಕೆಡುಕಿನ ಸಂಕೇತವಾಗಿಯೂ ಬರುವುದರಿಂದ, ಹೆಂಗಸು, ಹುಳಿ ಮತ್ತು ಗುಟ್ಟು ಈ ಮೂರನ್ನೂ ದೇವರ ರಾಜ್ಯಕ್ಕೆ ಹೋಲಿಸಿದ್ದು ಕೇಳುಗರನ್ನು ಬೆಚ್ಚಿಸಿರಬೇಕೆಂದು ಕೆಲವರು ಊಹಿಸಿದ್ದಾರೆ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ದೊರೆತ ‘ತೋಮನ ಸುವಾರ್ತೆ’ಯಲ್ಲಿ ದೇವರ ರಾಜ್ಯವನ್ನು ಹುಳಿಗಲ್ಲ, ಆ ಹೆಂಗಸಿಗೇ ಹೋಲಿಸಲಾಗಿದೆ.

ರೊಟ್ಟಿಯ ವಿಷಯದಲ್ಲಿ ಮಧ್ಯರಾತ್ರಿಯ ಗೆಳೆಯನ ಸಾಮ್ಯವನ್ನೂ (ಲೂಕ 11:5–8) ಇಲ್ಲಿಯೇ ಹೇಳಬೇಕು. ಅತಿಥಿಗಾಗಿ ಮೂರು ರೊಟ್ಟಿ ಕೇಳಲು ಒಬ್ಬನು ಇನ್ನೊಬ್ಬನ ಬಾಗಿಲು ತಟ್ಟುತ್ತಾನೆ. ಮಕ್ಕಳು ತನ್ನೊಂದಿಗೆ ಮಲಗಿದ್ದಾರೆಂದು ಒಳಗಿನವನು ಹೇಳುತ್ತಾನೆ. ರೊಟ್ಟಿ ಸುಟ್ಟವಳ ಸುದ್ದಿಯೇ ಇಲ್ಲ.

ವಿಧವೆ ಮತ್ತು ಕನ್ನಿಕೆಯರು

ವಿಧವೆಯ ಕಥೆಯಲ್ಲಿ ನೆರೆಹೊರೆಯೇ ಇಲ್ಲ. ದೇವರಿಗೆ ಹೆದರದ, ಮನುಷ್ಯರನ್ನು ಲಕ್ಷಿಸದ ನ್ಯಾಯಾಧಿಪತಿಯ ಎದುರು ಅವಳು ಒಂಟಿಯಾಗಿ ಮತ್ತೆಮತ್ತೆ ಬಂದು ತನ್ನ ವಿರೋಧಿಯ ಮೇಲೆ ನ್ಯಾಯ ಕೇಳುತ್ತಾಳೆ. ಅವಳು ತನ್ನನ್ನು ದಣಿಸಿಬಿಡುತ್ತಾಳೆಂದು ನ್ಯಾಯಾಧಿಪತಿ ಹೆದರಿದನೆಂದು ಅನುವಾದಗಳು ಹೇಳುತ್ತವೆ. ಮೂಲದ ಪದವು ಮುಷ್ಟಿಕಾಳಗದ್ದು, ಕಣ್ಣಿನ ಕೆಳಗೆ ಗುದ್ದುವುದು ಎಂದರ್ಥ. ಲೂಕನು ಕಥೆಯ ಆರಂಭದಲ್ಲೇ ಇದು ಪ್ರಾರ್ಥನೆಯ ಪಾಠವೆಂದು ಸೂಚಿಸಿ ನ್ಯಾಯಾಲಯದ ಬಿಸಿಯನ್ನು ತಣಿಸುತ್ತಾನೆ. ರೀಡ್ ಅವರ ಪ್ರಕಾರ ಇಲ್ಲಿ ದೇವರನ್ನು ಹೋಲುವವಳು ಬಿಡದೆ ನ್ಯಾಯ ಕೇಳುವ ವಿಧವೆಯೇ ಹೊರತು ನ್ಯಾಯಾಧಿಪತಿಯಲ್ಲ. ಲೆವೀನ್ ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಅವಳು ಬೇಡುವ ಕ್ರಿಯಾಪದಕ್ಕೆ ಸೇಡು ತೀರಿಸು ಎಂಬ ಅರ್ಥವೂ ಇದೆ. ವಿಧವೆ ಎಂದ ಮಾತ್ರಕ್ಕೆ ಅವಳು ಬಡವಳು, ನಿರಪರಾಧಿ ಎಂದು ಭಾವಿಸುವುದೂ ಒಂದು ಪೂರ್ವಗ್ರಹವೇ ಎಂಬುದು ಅವರ ಎಚ್ಚರಿಕೆ.

ಹತ್ತು ಕನ್ನಿಕೆಯರ ಸಾಮ್ಯವು ಸ್ತ್ರೀವಾದಿಗಳಿಗೆ ಎಲ್ಲಕ್ಕಿಂತ ಕಷ್ಟದ್ದು. ಎಣ್ಣೆ ಕೇಳಿದವರಿಗೆ ಜೊತೆಗಾತಿಯರು ಕೊಡುವುದಿಲ್ಲ, ಅಂಗಡಿಗೆ ಹೋಗಿರೆನ್ನುತ್ತಾರೆ. ತಡವಾಗಿ ಬಂದವರಿಗೆ ಮದುಮಗನು ಬಾಗಿಲು ತೆರೆಯುವುದಿಲ್ಲ. ನಾಣ್ಯದ ಕಥೆಯಲ್ಲಿ ಕರೆದೊಡನೆ ಬಂದ ಗೆಳತಿಯರ ಪಕ್ಕದಲ್ಲಿ ಇದನ್ನಿಟ್ಟರೆ ಎಣ್ಣೆಯ ಜೊತೆಗೆ ನೆರೆತನವೂ ತೀರಿಹೋಗಿರುವುದು ಕಾಣುತ್ತದೆ. ಈ ಮದುಮಗನನ್ನು ದೇವರೆಂದೋ ಕ್ರಿಸ್ತನೆಂದೋ ತಿಳಿಯಲು ಶೊಟ್ರೊಫ್ ನಿರಾಕರಿಸುತ್ತಾರೆ. ಹುಡುಗಿಯರ ಬದುಕು ಮದುವೆಯ ಬಾಗಿಲಲ್ಲಿ ನಿರ್ಧಾರವಾಗುತ್ತಿದ್ದ ಸಮಾಜದ ಕ್ರೌರ್ಯವನ್ನೇ ಕಥೆ ತೋರಿಸುತ್ತಿದೆ, ದೇವರ ರಾಜ್ಯ ಹೀಗಿರುವುದಿಲ್ಲವೆಂದು ಕೇಳುಗರು ಅರಿಯಬೇಕು ಎಂಬುದು ಅವರ ಓದು.

ಆಕ್ಷೇಪಗಳು

ಲೂಕನಲ್ಲಿ ಸ್ತ್ರೀಯರು ಹೆಚ್ಚು ಸಂಖ್ಯೆಯಲ್ಲಿ ಕಾಣಿಸಿಕೊಳ್ಳುವುದರಿಂದ ಅವನನ್ನು ಬಹುಕಾಲ ಸ್ತ್ರೀಯರ ಮಿತ್ರನೆಂದು ಹೊಗಳಲಾಗುತ್ತಿತ್ತು. 1992ರಲ್ಲಿ ಪ್ರಕಟವಾದ ‘ವಿಮೆನ್ಸ್ ಬೈಬಲ್ ಕಾಮೆಂಟರಿ’ಯಲ್ಲಿ ಜೇನ್ ಶಾಬರ್ಗ್ ಇದಕ್ಕೆ ವಿರುದ್ಧವಾಗಿ, ಲೂಕನ ಸುವಾರ್ತೆಯು ಸ್ತ್ರೀಯರಿಗೆ ಅಪಾಯಕಾರಿಯಾದ ಗ್ರಂಥವೆಂದು ಬರೆದರು: ಅದು ಹೆಂಗಸರನ್ನು ಚಿತ್ರದಲ್ಲಿ ಇಡುತ್ತದೆ, ಮುಂದಾಳುತನದಿಂದ ದೂರವಿಡುತ್ತದೆ. ನಾರ್ವೆಯ ತೂರಿಡ್ ಕಾರ್ಲ್‌ಸನ್ ಸೈಮ್ 1994ರ ತಮ್ಮ ಗ್ರಂಥದಲ್ಲಿ ಇದನ್ನು ಇಬ್ಬಗೆಯ ಸಂದೇಶವೆಂದು ಕರೆದರು. ಸಾಸಿವೆ ಬಿತ್ತಿದವನ ಪಕ್ಕದಲ್ಲಿ ಹಿಟ್ಟು ಕಲಸಿದವಳನ್ನು, ಕುರುಬನ ಪಕ್ಕದಲ್ಲಿ ಗುಡಿಸುವವಳನ್ನು ಜೋಡಿಸುವ ಲೂಕನ ಕ್ರಮವು ಇಬ್ಬರಿಗೂ ಸಮಸ್ಥಾನ ಕೊಡುತ್ತದೆಯೋ, ಒಬ್ಬರಿಗೆ ಬಯಲು ಮತ್ತೊಬ್ಬರಿಗೆ ಮನೆಯೆಂದು ಗೆರೆ ಎಳೆಯುತ್ತದೆಯೋ ಎಂಬ ಚರ್ಚೆ ಮುಗಿದಿಲ್ಲ.

ಇದಕ್ಕಿಂತ ಗಂಭೀರವಾದ ಆಕ್ಷೇಪವು ಯಹೂದಿ ಸ್ತ್ರೀವಾದಿಗಳಿಂದ ಬಂದಿದೆ. ಯೇಸುವನ್ನು ಸ್ತ್ರೀಯರ ವಿಮೋಚಕನೆಂದು ತೋರಿಸುವ ಆತುರದಲ್ಲಿ ಅವರ ಕಾಲದ ಯಹೂದಿ ಸಮಾಜವನ್ನು ಕಡುಗಪ್ಪು ಬಣ್ಣದಲ್ಲಿ ಚಿತ್ರಿಸುವ ಪ್ರವೃತ್ತಿಯನ್ನು ಜೂಡಿತ್ ಪ್ಲಾಸ್ಕೊ 1978ರಲ್ಲಿಯೇ ಖಂಡಿಸಿದರು. ಯೇಸು ಸ್ವತಃ ಯಹೂದಿ. ಅವರ ಕಥೆಗಳ ಹೆಂಗಸರೂ ಯಹೂದಿ ಕೇಳುಗರಿಗೆ ಪರಿಚಿತರಾದವರೇ. ತನ್ನ ಹಣವನ್ನು ತಾನೇ ಎಣಿಸಿಟ್ಟುಕೊಂಡು, ತನ್ನ ಮನೆಗೆ ತಾನೇ ಜನರನ್ನು ಕರೆಯುವ ಹೆಂಗಸು ಆ ಕೇಳುಗರಿಗೆ ವಿಚಿತ್ರವೆನಿಸಿದ್ದರೆ ಸಾಮ್ಯವೇ ನಿಲ್ಲುತ್ತಿರಲಿಲ್ಲ. ಇದಕ್ಕೆ ಹೊರಗಿನ ಆಧಾರವೂ ಇದೆ. 1961ರಲ್ಲಿ ಯಿಗೇಲ್ ಯಾದಿನ್ ಅವರ ತಂಡವು ಮೃತ ಸಮುದ್ರದ ಬಳಿಯ ಗುಹೆಯೊಂದರಲ್ಲಿ ಬಾಬತಾ ಎಂಬ ಯಹೂದಿ ಹೆಂಗಸಿನ ಕಾಗದಪತ್ರಗಳ ಕಟ್ಟನ್ನು ಪತ್ತೆಹಚ್ಚಿತು. ಯೇಸುವಿನ ಕಾಲದಿಂದ ಸುಮಾರು ಒಂದು ಶತಮಾನದ ಈಚೆಗೆ ಬದುಕಿದ್ದ ಈ ವಿಧವೆಯ ಪತ್ರಗಳಲ್ಲಿ ಖರ್ಜೂರದ ತೋಟಗಳ ದಾಖಲೆಯಿದೆ, ಗಂಡನಿಗೆ ಕೊಟ್ಟ ಸಾಲದ ಪತ್ರವಿದೆ, ಮಗನ ಪೋಷಣೆಯ ಹಣಕ್ಕಾಗಿ ಪೋಷಕರ ಮೇಲೆ ಹೂಡಿದ ದಾವೆಯ ಕಾಗದಗಳಿವೆ.